ಬನ್ನಂಜೆ ಕ್ಲಬ್ಬಿನ ಬಾಗಿದ ಕ್ಯೂ

ಮಂಗಳವಾರ ಬೆಳಿಗ್ಗೆ ಬನ್ನಂಜೆಯ ಕ್ಲಬ್ಬಿನಲ್ಲಿ ಸ್ನೂಕರ್ ಕೋಣೆಯ ಕಪಾಟು ತೆರೆದ, ಆಟದ ಅಂಕ ಬರೆಯುವ ಮಾರ್ಕರ್ ಶೀನ ಎರಡು ಹೆಜ್ಜೆ ಹಿಂದೆ ಸರಿದ. ಕಾರ್ಕಳದ ಬಡಗಿ ಇಮ್ಯಾನುಯೆಲ್ ಕೈಯಲ್ಲೇ ಮಾಡಿಕೊಟ್ಟ ಕ್ಯೂ, ಶನಿವಾರ ಸಂಜೆಯವರೆಗೂ ನೆಟ್ಟಗಿದ್ದ ಕೋಲು, ನೊಗದಂತೆ ಬಾಗಿ ನಿಂತಿತ್ತು.

ಗುರುವಾರ ಮಧ್ಯಾಹ್ನ ನಿವೃತ್ತ ಮಾಸ್ತರ ಮುದ್ದಣ್ಣ ಆ ಕೋಣೆಗೆ ಬಂದರು. ಬರಲೇಬೇಕಾಗಿತ್ತು. ಇಮ್ಯಾನುಯೆಲನ ಹೆಂಡತಿ ಬರ್ತಾ ಎಂಬವಳು ಬೆಳಗಿನ ಬಸ್ಸಿನಲ್ಲಿ ಕಡಿಯಾಳಿಯ ಅವರ ಮನೆಗೆ ಬಂದು, ಕೂರೆಂದರೂ ಕೂರದೆ ಹೇಳಿದ್ದಳು:

“ಮಾಸ್ಟ್ರೇ, ಹಸಿ ಮರ ಕೊಟ್ಟ ಮೋಸಗಾರ ಎಂದು ಕ್ಲಬ್ಬಿನವರು ಆಳು ಕಳಿಸಿ ಹೇಳಿಸಿದ್ದಾರೆ. ಅಂದಿನಿಂದ ನಮ್ಮವರು ಊಟ ಮಾಡಿಲ್ಲ. ಮರ ಹೆರೆಯುವ ಕೀಸುಳಿ ಹಿಡಿದುಕೊಂಡು ಕೆರೆಯ ಮೆಟ್ಟಿಲಲ್ಲಿ ಕೂತಿದ್ದಾರೆ. ನಿನ್ನೆ ಮೇಲಿನಿಂದ ಮೂರನೆಯ ಮೆಟ್ಟಿಲು. ಇವತ್ತು ನೀರಿಗೆ ತಾಗಿದ ಕೊನೆಯದು.”

ಇಮ್ಯಾನುಯೆಲ್ ಮಾಸ್ತರರ ಶಿಷ್ಯ. ಲೆಕ್ಕದಲ್ಲಿ ಹಿಂದೆ, ಆದರೆ ಸುಳ್ಳು ಹೇಳಿದವನಲ್ಲ.

ಬರ್ತಾಳನ್ನು ಹೊರಗೆ ಕೂರಿಸಿ ಅವರು ಒಳಗೆ ಹೋದಾಗ ಶೀನನ ಜೊತೆ ಕ್ಲಬ್ಬಿನ ಸೆಕ್ರೆಟರಿ ಭೋಜ ಶೆಟ್ಟರು ಕಾದಿದ್ದರು. ಕಾಪುವಿನಲ್ಲಿ ಅಕ್ಕಿ ಮಿಲ್ಲಿದ್ದ ಮನುಷ್ಯ.

“ನಾನು ತಿಂಗಳ ಹಿಂದೆಯೇ ಹೇಳಿದ್ದೆ, ಮಾಸ್ಟ್ರೇ. ಸದಸ್ಯರೆಲ್ಲರ ಎದುರು ಈ ಕೋಲನ್ನು ಇದೇ ಮೇಜಿನ ಮೇಲೆ ಉರುಳಿಸಿದೆ. ಕುಣಿಯಿತು. ತಿಂಗಳೊಳಗೆ ಬಾಗುತ್ತದೆ ಎಂದೆ. ಬಾಗಿತು.”

“ಕೈಯಲ್ಲಿ ಹೆರೆದ ಹಿಡಿ ಯಂತ್ರದಲ್ಲಿ ಮಾಡಿದ್ದರಷ್ಟು ದುಂಡಗಿರುವುದಿಲ್ಲ, ಉರುಳಿಸಿದರೆ ಕುಣಿಯುತ್ತದೆ. ಕಣ್ಣಿನ ನೇರಕ್ಕೆ ಹಿಡಿದು ನೋಡಿದಿರಾ?”

“ನನಗೆ ಪಾಠ ಬೇಡ.”

“ಶೀನ, ನೀನು ನೋಡಿದ್ದೆಯಾ?”

“ದಿನಾ ನೋಡುತ್ತಿದ್ದೆ. ಗೆರೆ ಎಳೆದ ಹಾಗೆ ಇತ್ತು. ಹೊಡೆದರೆ ಕೈಗೆ ನಡುಕವೇ ಇಲ್ಲ. ಚೆಂಡು ಹೇಳಿದಲ್ಲಿಗೆ ಹೋಗುತ್ತಿತ್ತು. ಇಂಗ್ಲೆಂಡಿನಿಂದ ಬಂದ ಕ್ಯೂ ಕಳೆದ ವಾರ ಯಾರಿಗೂ ಬೇಡವಾಗಿ, ಎಲ್ಲರೂ ಇದನ್ನೇ—” ಶೀನ ಶೆಟ್ಟರ ಮುಖ ನೋಡಿ ಮಾತು ನಿಲ್ಲಿಸಿದ.

ಮಾಸ್ತರರು ಕೋಲನ್ನು ಮೂಗಿನ ಬಳಿ ಹಿಡಿದರು. ಆಮೇಲೆ ತುದಿಯ ಚರ್ಮದ ಬಿಲ್ಲೆಯನ್ನು ಬೆರಳಿನಿಂದ ಉಜ್ಜಿದರು. ಬೆರಳು ಸ್ವಚ್ಛವಾಗಿಯೇ ಉಳಿಯಿತು.

“ಆಡುವಾಗ ತುದಿಗೆ ಎಂತ ಹಚ್ಚುತ್ತೀರಿ?”

“ನೀಲಿ ಚಾಕ್, ಚೆಂಡಿನ ಮೇಲೆ ಜಾರದ ಹಾಗೆ,” ಎಂದ ಶೀನ.

“ತಿಂಗಳು ಆಡಿದ ಕ್ಯೂ. ನೀಲಿ ಎಲ್ಲಿ?”

ಶೀನ ಬಗ್ಗಿ ನೋಡಿದ. “ಇದು ಹೊಸ ಚರ್ಮ. ಹಾಕಿದ್ದು ನಾನಲ್ಲ. ಭಾನುವಾರ, ಸೋಮವಾರ ಕ್ಲಬ್ಬಿಗೆ ರಜೆ, ನಾನು ಉಚ್ಚಿಲದಲ್ಲಿದ್ದೆ.”

“ಹೊಸ ಚರ್ಮ ಎಲ್ಲಿಡುತ್ತೀರಿ?”

ಶೀನ ಶೆಟ್ಟರತ್ತ ನೋಡದೆ ಹೇಳಿದ. “ಸೆಕ್ರೆಟರಿಯವರ ಮೇಜಿನ ಖಾನೆಯಲ್ಲಿ. ಬೀಗ ಉಂಟು, ಕೀ ಅವರಲ್ಲೇ.”

ಮಾಸ್ತರರು ಕೋಲನ್ನು ಶೆಟ್ಟರತ್ತ ಚಾಚಿದರು.

“ಹಸಿ ಮರ ಒಣಗುತ್ತ ಬಾಗಬಹುದು,” ಎಂದರು ಮಾಸ್ತರರು. “ಆದರೆ ಅದರಿಂದ ತುದಿಯ ಅಂಟು ಕರಗುವುದಿಲ್ಲ. ಅಂಟು ಕರಗುವುದು ಹಬೆಗೆ. ಈ ಕೋಲನ್ನು ಹಬೆಯಲ್ಲಿಟ್ಟು ಬಗ್ಗಿಸಿದವನು, ಚರ್ಮ ಕಳಚಿ ಬಿದ್ದಾಗ ಹೊಸದನ್ನು ಅಂಟಿಸಿದ. ನೀಲಿ ಹಚ್ಚಲು ಮರೆತ. ಮೂಸಿ ನೋಡಿ, ಶೆಟ್ಟರೇ. ಕುಚ್ಚಲಕ್ಕಿಗೆ ಭತ್ತ ಬೇಯಿಸುವ ಹಂಡೆಯ ವಾಸನೆ. ಕ್ಲಬ್ಬಿನವರಲ್ಲಿ ಅಂಥ ಹಂಡೆ ಇರುವುದು ನಿಮ್ಮೊಬ್ಬರ ಮಿಲ್ಲಿನಲ್ಲೇ. ಅಪರಾಧಿ ನೀವು.”

ಶೆಟ್ಟರು ಮೂಸಲಿಲ್ಲ.

“ನಿಮ್ಮ ತೀರ್ಪು ತಪ್ಪಾಗಿತ್ತು. ಅದನ್ನು ತಿದ್ದಿಕೊಳ್ಳುವ ಬದಲು ಕೋಲನ್ನೇ ತೀರ್ಪಿಗೆ ಸರಿಯಾಗಿ ಬಗ್ಗಿಸಿದಿರಿ. ಮಗುವಿನ ಸರಿಯುತ್ತರಕ್ಕೆ ತಪ್ಪು ಗುರುತು ಹಾಕಿದ ಮಾಸ್ತರ, ಆಮೇಲೆ ಆ ಉತ್ತರವನ್ನೇ ಅಳಿಸಿ ತಪ್ಪು ಬರೆದಿಟ್ಟ ಹಾಗೆ.”

“ಒಂದು ಕೋಲು, ಮಾಸ್ಟ್ರೇ. ಅಷ್ಟಕ್ಕೆ—”

“ಕೋಲಲ್ಲ. ಕಾರ್ಕಳದ ಕೆರೆಯ ಕೊನೆಯ ಮೆಟ್ಟಿಲಲ್ಲಿ ಒಬ್ಬ ಮನುಷ್ಯ ಕೂತಿದ್ದಾನೆ. ಕಾರು ತೆಗೆಯಿರಿ.”

ಕಾರ್ಕಳ ತಲುಪುವಾಗ ಬಿಸಿಲು ಇಳಿದಿತ್ತು. ಕೊನೆಯ ಮೆಟ್ಟಿಲು ಖಾಲಿ. ಬರ್ತಾ ಮಾಸ್ತರರ ತೋಳು ಹಿಡಿದುಕೊಂಡಳು. ಆಚೆ, ಸೊಂಟದವರೆಗಿನ ನೀರಿನಲ್ಲಿ, ಇಮ್ಯಾನುಯೆಲ್ ಕೀಸುಳಿಯನ್ನು ಎದೆಗವಚಿಕೊಂಡು ನಿಂತಿದ್ದ.

“ಕ್ಯೂ ನೆಟ್ಟಗಿತ್ತು,” ಎಂದರು ಶೆಟ್ಟರು ದಡದಿಂದ. “ಬಗ್ಗಿಸಿದ್ದು ನಾನು.”

ಅವನು ತಿರುಗಲಿಲ್ಲ. “ನೆಟ್ಟಗಿತ್ತೆಂದು ನನಗೆ ಗೊತ್ತುಂಟು. ಅದನ್ನು ಬನ್ನಂಜೆಯಲ್ಲಿ ಹೇಳಿ. ಉರುಳಿಸಿದಿರಲ್ಲ, ಆ ಮೇಜಿನ ಹತ್ತಿರ. ಅಂದು ಇದ್ದವರೆಲ್ಲರ ಎದುರು.”

ಮಾಸ್ತರರು ಶೆಟ್ಟರನ್ನೇ ನೋಡಿದರು. ಶೆಟ್ಟರು ನೀರನ್ನು ನೋಡಿದರು.

“ಹೇಳುತ್ತೇನೆ.”

ಇಮ್ಯಾನುಯೆಲ್ ನಿಧಾನವಾಗಿ ಮೆಟ್ಟಿಲಿನವರೆಗೆ ಬಂದ. ಮೊದಲು ಕೀಸುಳಿಯನ್ನು ಬರ್ತಾಳ ಕೈಗೆ ಕೊಟ್ಟ. ಆಮೇಲೆ ಮೇಲೆ ಹತ್ತಿದ.