ಜೂಲಿಯ ಹಿಂದೆ ಬಿದ್ದವನು

ಮದುವೆಗೆ ಒಪ್ಪಿದ ಹುಡುಗ ಮೆಡಿಕಲ್ ಶಾಪಿಗೆ ಬಂದು ಮೂತ್ರಪರೀಕ್ಷೆಯ ಡಬ್ಬಿ ಕೇಳಿದರೆ ಯಾವ ಹುಡುಗಿಗೆ ತಾನೇ ಅನುಮಾನ ಬರುವುದಿಲ್ಲ? ಅದೂ ಒಂದು ಸಲವಲ್ಲ, ಬಂದಾಗೆಲ್ಲ ಅದೇ.

ಸಿಂಚನಾ ರಿಪ್ಪನ್‌ಪೇಟೆಯ ಆ ಅಂಗಡಿಯ ಕೌಂಟರಿನಲ್ಲಿದ್ದವಳು. ಹುಡುಗ ಪೂರ್ಣೇಶ್‌ನದು ತೀರ್ಥಹಳ್ಳಿಯಲ್ಲಿ ಮೋಟಾರ್ ರಿಪೇರಿ. ಹುಡುಗಿ ನೋಡಲು ಬಂದ ದಿನ ಅವಳನ್ನೇ ನೋಡುತ್ತ ಕಾಫಿ ಆರಲು ಬಿಟ್ಟವನು, ಮಾತುಕತೆ ಮುಗಿದ ಮೇಲೆ ತನ್ನ ನಾಯಿಯ ಮರಿಯೊಂದನ್ನು ತಂದು ಅವಳ ಮಡಿಲಿಗೆ ಹಾಕಿದ್ದ. ಗೋಧಿ ಬಣ್ಣದ, ನುಣುಪು ಕೂದಲಿನ ವೀಟನ್ ಟೆರಿಯರ್; ಈ ಕಡೆ ಯಾರೂ ಕಾಣದ ಜಾತಿ. ಜೂಲಿ ಎಂದು ಹೆಸರಿಟ್ಟು, ಅವನಿಗೆ ಹೇಳಲಾಗದ ಮುದ್ದಿನ ಮಾತನ್ನೆಲ್ಲ ಅವಳು ಅದರ ಕಿವಿಯಲ್ಲಿ ಹೇಳುತ್ತಿದ್ದಳು.

ಈಗ ನೋಡಿದರೆ, ಡಬ್ಬಿ ಕೊಡುವಾಗ ಬೆರಳಿಗೆ ಬೆರಳು ತಾಗಿದರೂ ಅವನು ಕಣ್ಣೆತ್ತುವುದಿಲ್ಲ. ಯಾರಿಗೆ ಹುಷಾರಿಲ್ಲ ಎಂದರೆ ಹೊಸನಗರಕ್ಕೆ ಹೋಗೋದಿದೆ ಎನ್ನುತ್ತಾನೆ. ಇನ್ನೊಮ್ಮೆ ಕೇಳಿದರೆ ಸಾಗರ. ಒಂದು ದಿನ ಅವನ ಅಂಗಿ ಜೇಬಿನಿಂದ ಮಾತ್ರೆಯ ಸ್ಟ್ರಿಪ್ ಇಣುಕಿತು. ಮೂತ್ರದಲ್ಲಿ ಪ್ರೋಟೀನ್ ಸೋರಿ ಹೋಗುವವರಿಗೆ ಕೊಡುವ ಮಾತ್ರೆ, ಅವಳೇ ದಿನಾ ಮಾರುವಂಥದ್ದು. ಮನೆಗೆ ಹೋಗಿ ಅಮ್ಮನಿಗೆ ಹೇಳಿದಳು.

ವಿಷಯ ಕಿವಿಗೆ ಬಿದ್ದದ್ದೇ ತಡ, ಅಮ್ಮ ವರದಮ್ಮ ಈ ಸಂಬಂಧ ಬೇಡವೆಂದಳು. ಕಿಡ್ನಿ ಕೆಟ್ಟದ್ದನ್ನು ಮುಚ್ಚಿಟ್ಟು ಹೆಣ್ಣು ಕೇಳುವವನು ನಾಳೆ ಇನ್ನೇನು ಮುಚ್ಚಿಡುತ್ತಾನೋ ಎಂಬುದು ಅವಳ ವಾದ. ಸಿಂಚನಾ ಅತ್ತಳು. ಕಾಯಿಲೆಯಾದರೂ ಸಹಿಸಬಹುದಿತ್ತು, ಈ ಕಣ್ಣುಮುಚ್ಚಾಲೆ ಸಹಿಸುವುದು ಹೇಗೆ? ಭಾನುವಾರ ಮನೆಗೆ ಬಂದಾಗ ಕೇಳಿಬಿಡುವುದು, ಸುಳ್ಳು ಹೇಳಿದರೆ ಅಲ್ಲಿಗೇ ಮುಗಿಸುವುದು ಎಂದು ನಿರ್ಧರಿಸಿದಳು.

ಭಾನುವಾರ ಬಂದವನು ಅವಳನ್ನು ಬಿಟ್ಟು ಜೂಲಿ ಎಲ್ಲಿ ಎಂದು ಕೇಳಿ ಹಿತ್ತಿಲಿಗೆ ಹೋದ. ಸುಮ್ಮನೆ ಹಿಂದೆ ಹೋಗಿ ನೋಡಿದರೆ, ಭಾವಿ ಗಂಡ ಸ್ಟೀಲಿನ ಸೌಟು ಹಿಡಿದು ಬಗ್ಗಿಕೊಂಡು ಜೂಲಿಯ ಹಿಂದೆ ಕಳ್ಳಹೆಜ್ಜೆ ಹಾಕುತ್ತಿದ್ದಾನೆ. ಅದು ಕೂತರೆ ಸೌಟು ಚಾಚುತ್ತಾನೆ. ಅದು ಆಟವೆಂದುಕೊಂಡು ಓಡುತ್ತದೆ.

"ಎಂತ ಮಾಡ್ತಿದ್ದೀರಿ?"

ಪೂರ್ಣೇಶ್‌ನ ಕಿವಿ ಕೆಂಪಾಯಿತು. ಇನ್ನು ಮುಚ್ಚಿಡಲು ಏನೂ ಉಳಿದಿರಲಿಲ್ಲ. ಜೂಲಿಯ ಅಪ್ಪ, ಅಂದರೆ ಅವನ ಮನೆಯ ನಾಯಿ ಶೇರು, ತಿಂದದ್ದು ಮೈಗೆ ಹತ್ತದೆ ಸೊರಗಿ, ಹೊಟ್ಟೆ ಊದಿಸಿಕೊಂಡಿದ್ದನಂತೆ. ಕರುಳಲ್ಲೂ ಕಿಡ್ನಿಯಲ್ಲೂ ಪ್ರೋಟೀನ್ ಸೋರುತ್ತಿದೆ, ಈ ಜಾತಿಯಲ್ಲಿ ಅದು ವಂಶದಲ್ಲೇ ಇಳಿದು ಬರುತ್ತದೆ ಎಂದಿದ್ದರು ಶಿವಮೊಗ್ಗದ ಡಾಕ್ಟರು. ಮಾತ್ರೆ ಶೇರುವಿನದು. ಹೊಸನಗರ, ಸಾಗರದಲ್ಲಿ ಮರಿ ಕೊಟ್ಟ ಮನೆಗಳಿಗೆಲ್ಲ ಹೋಗಿ ಪರೀಕ್ಷೆ ಮಾಡಿಸಿ ಬಂದಿದ್ದ. ಉಳಿದದ್ದು ಜೂಲಿ ಒಂದೇ; ಅದರ ಮೂತ್ರ ಹಿಡಿಯಲೆಂದೇ ಈ ಸೌಟು.

"ನಂಗ್ಯಾಕೆ ಹೇಳ್ಲಿಲ್ಲ?"

"ನಿಮಗೆ ಅಂತ ಮೊದಲ್ನೇ ಸಲ ಕೊಟ್ಟಿದ್ದು ಅದು. ಅದ್ರಲ್ಲೇ ಕಾಯಿಲೆ ಇರಬಹುದು ಅಂತ ಯಾವ ಬಾಯಲ್ಲಿ ಹೇಳ್ಲಿ?"

"ನಿಮ್ದೇ ಕಿಡ್ನಿ ಹೋಗಿದೆ ಅಂತ ನಾನು ಅತ್ತಿದ್ದೆಷ್ಟು ಗೊತ್ತುಂಟಾ?"

ಅವನು ತಲೆಯೆತ್ತಿ, ಎಷ್ಟೋ ದಿನದ ಮೇಲೆ ಅವಳನ್ನು ಕಣ್ತುಂಬ ನೋಡಿದ. "ನನಗೋಸ್ಕರ ಅತ್ರಾ?"

ಸಿಂಚನಾ ಜೂಲಿಯನ್ನು ಹಿಡಿಯಲು ಓಡಿದಳು. ಕೆನ್ನೆಯ ಕೆಂಪು ಅವನಿಗೆ ಕಾಣಬಾರದಿತ್ತು. ಆದರೂ ಮನಸ್ಸು ಪೂರ್ತಿ ಕರಗಲಿಲ್ಲ. ಒಮ್ಮೆ ಮುಚ್ಚಿಟ್ಟವನು ಮತ್ತೆ ಮುಚ್ಚಿಡಲಾರನೇ? ದಿನ ಗೊತ್ತುಮಾಡುವ ಮಾತೆತ್ತಿದ ಅವನಿಗೆ, ಆಮೇಲೆ ನೋಡೋಣ ಎಂದಳು.

ಪರೀಕ್ಷೆಯ ಫಲ ಬಂದ ದಿನ ಅವನೇ ಅಂಗಡಿಗೆ ಬಂದ. ಜೂಲಿಗೆ ಏನೂ ಇಲ್ಲವಂತೆ. ಸಿಂಚನಾ ಉಸಿರು ಬಿಟ್ಟು ನಕ್ಕಳು. ಅಷ್ಟೇ ಹೇಳಿ ಹೋಗಿದ್ದರೆ ಅವಳಿಗೆ ಉಳಿದದ್ದು ಎಂದೂ ಗೊತ್ತಾಗುತ್ತಿರಲಿಲ್ಲ. ಅವನು ಹೋಗಲಿಲ್ಲ.

"ಈಗ ಸರಿ ಇದೆ ಅಷ್ಟೇ. ದೊಡ್ಡದಾದ್ಮೇಲೂ ಬರಬಹುದಂತೆ. ವರ್ಷ ವರ್ಷ ನೋಡಿಸ್ತಾ ಇರ್ಬೇಕು. ಬರೋದೇ ಇಲ್ಲ ಅಂತ ನಾನು ಮಾತು ಕೊಡಕ್ಕಾಗಲ್ಲ."

ಸಿಂಚನಾ ಅವನ ಮುಖವನ್ನೇ ನೋಡಿದಳು. ಆಮೇಲೆ ಕೌಂಟರಿನ ಮೇಲಿದ್ದ ಫೋನ್ ತೆಗೆದುಕೊಂಡು, ಅವನೆದುರಿಗೇ ಅಮ್ಮನಿಗೆ ಮಾಡಿದಳು.

"ಅಮ್ಮಾ, ದಿನ ನೋಡ್ಸು. ಇವ್ರು ಎಲ್ಲಾ ಹೇಳಿದ್ರು."