ಮೈನಸ್ ಒಂಬತ್ತು

ಮಂಗಳವಾರ ಬೆಳಿಗ್ಗೆ 10.20ಕ್ಕೆ ಕನ್ನಡಕದ ಅಂಗಡಿಯವನು ಠಾಣೆಗೆ ಬಂದು, ಹೆಂಡತಿ ನಿನ್ನೆಯಿಂದ ಕಾಣೆಯಾಗಿದ್ದಾಳೆಂದು ದೂರು ಬರೆದುಕೊಟ್ಟ. ಇನ್‌ಸ್ಪೆಕ್ಟರ್ ಮೇಡಂ ಅದನ್ನು ಎರಡು ಸಲ ಓದಿದರು.

"ಜಗಳ ಆಗಿತ್ತಾ?"

"ಇಲ್ಲ ಮೇಡಂ."

"ಗುರುತು?"

"ದಪ್ಪ ಕನ್ನಡಕ. ಮೈನಸ್ ಒಂಬತ್ತು. ಅದಿಲ್ದಿದ್ರೆ ಎದುರಿಗಿರೋ ಮುಖಾನೂ ಗೊತ್ತಾಗಲ್ಲ ಅವಳಿಗೆ."

ಹೇಳುತ್ತಲೇ ಅವನು ಜೇಬಿನಿಂದ ಒಂದು ಕನ್ನಡಕ ತೆಗೆದು ಅಂಗಿಯ ಅಂಚಿನಿಂದ ಒರೆಸತೊಡಗಿದ. ಕೈಗಂಟಿದ ಕಸುಬಿನ ಅಭ್ಯಾಸ. ಗಾಜು ಬಾಟಲಿಯ ತಳದಷ್ಟು ದಪ್ಪವಿತ್ತು.

"ಅದು ಯಾರದು?"

ಕೈ ನಿಂತಿತು.

ಮೇಡಂ ಜೇಬು ಖಾಲಿ ಮಾಡಿಸಿದಾಗ ಹೆಂಡತಿಯ ಮೊಬೈಲೂ ಸಿಕ್ಕಿತು. ಕೊನೆಯ ಐದು ಕರೆಗಳು ಒಂದೇ ಕ್ಲಿನಿಕ್ಕಿನಿಂದ ಬಂದಿದ್ದವು. 10.50ಕ್ಕೆ ಮೇಡಂ ಆ ನಂಬರಿಗೆ ಫೋನ್ ಮಾಡಿದರು.

"ತಪಾಸಣೆಗೆ ಬಂದಾಗೆಲ್ಲ ಗಂಡ ಪಕ್ಕದಲ್ಲೇ," ಎಂದಳು ನರ್ಸ್. "ನಮ್ಮಲ್ಲಿ ಮೂತ್ರಪರೀಕ್ಷೆಗೆ ಒಬ್ರನ್ನೇ ಕಳಿಸ್ತೀವಿ. ಮನೇಲಿ ಭಯ ಇದ್ರೆ ಡಬ್ಬಿ ತಳಕ್ಕೆ ಕೆಂಪು ಚುಕ್ಕಿ ಅಂಟಿಸಿ ಅಂತ ಶೌಚಾಲಯದ ಒಳಗೆ ಬರೆದಿದೆ. ಇವರು ಮೂರು ಅಂಟಿಸಿದ್ರು. ಗರ್ಭ ಬೇಡ ಅಂದ್ರು. ನಿನ್ನೆ ಬರ್ಬೇಕಿತ್ತು. ಉತ್ತರ ಬರದಿದ್ರೆ ಪೊಲೀಸರಿಗೆ ಹೇಳ್ತೀನಿ ಅಂತ ಅವರ ಮೊಬೈಲಿಗೆ ಮೆಸೇಜ್ ಹಾಕ್ದೆ. ಗರ್ಭ ತೆಗೆಯೋ ಮಾತ್ರೆ ಕೊಡೋಕೆ ಗುರುವಾರವೇ ಕೊನೆ, ಮೇಡಂ."

"ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡನಂತೆ," ಎಂದರು ಮುಖ್ಯಪೇದೆ. "ಇವನು ಆ ಮೆಸೇಜ್ ಓದಿ ಹೆಗಲು ತೋರಿಸೋಕೆ ಠಾಣೆಗೇ ಬಂದಿದ್ದಾನೆ."

11.40ಕ್ಕೆ ಪಂಚರ ಸಮಕ್ಷಮ ಅಂಗಡಿಯ ಹಿಂದಿನ ಕೋಣೆ ತೆರೆಯಲಾಯಿತು. ಗಾಜು ಉಜ್ಜುವ ಯಂತ್ರದ ಪಕ್ಕ ಅವಳು ಕೂತಿದ್ದಳು. ತೋಳುಗಳ ಮೇಲೆ ಬೆರಳಿನ ಕಲೆಗಳು. ಕಪಾಟಿನ ತುಂಬ ಕನ್ನಡಕಗಳಿದ್ದವು. ಅವಳ ನಂಬರಿನದು ಒಂದೂ ಇರಲಿಲ್ಲ. ಬೀದಿಯ ಬಾಗಿಲಿಗೆ ಬೀಗವಿರಲಿಲ್ಲವೆಂದು ಪಂಚನಾಮೆಯಲ್ಲಿ ಬರೆಯಲಾಯಿತು.

"ಬೀಗವೇ ಇಲ್ವಲ್ಲಮ್ಮ, ಯಾಕೆ ಬರ್ಲಿಲ್ಲ?"

"ನಿನ್ನೆ ಎರಡು ಸಲ ಬಾಗ್ಲು ತೆಗ್ದೆ, ಮೇಡಂ. ಎದುರಿಗೆ ಯಾರೋ ನಿಂತ ಹಾಗಿತ್ತು. ಅಣ್ಣಾ, ರಸ್ತೆ ದಾಟಿಸ್ತೀರಾ ಅಂದೆ. ಎರಡೂ ಸಲ ನಮ್ಮನೆಯವರೇ."

ಈ ದಿನ ಬೆಳಗಿನಿಂದ ಬಾಗಿಲಾಚೆ ಯಾರೂ ಇರಲಿಲ್ಲ. ಅದು ಅವಳಿಗೆ ತಿಳಿದಿರಲಿಲ್ಲ.

ಅವಳ ಹೇಳಿಕೆಯ ಮೇಲೆ 12.30ಕ್ಕೆ ಎಫ್‌ಐಆರ್ ದಾಖಲಾಯಿತು, 1.15ಕ್ಕೆ ಗಂಡನ ಬಂಧನ.

"ಮಗು ಆದ್ರೆ ಬಿಟ್ಟು ಹೋಗಲ್ಲ ಅನ್ಕೊಂಡೆ," ಎಂದ ಅವನು. "ಅವಳು ಹೋದ್ರೆ ನನಗ್ಯಾರಿದ್ದಾರೆ?"

ಮೇಡಂ ಅದನ್ನೂ ಬರೆದುಕೊಂಡರು. ಅವಳಿಗೆ ಯಾರಿದ್ದಾರೆಂದು ಅವನು ಇಷ್ಟು ವರ್ಷ ಕೇಳಿಕೊಂಡಿರಲಿಲ್ಲ.

ಮುಖ್ಯಪೇದೆ ಕನ್ನಡಕವನ್ನು ಲಕೋಟೆಗೆ ಹಾಕಿ ಅರಗು ಒತ್ತಲು ಹೊರಟಿದ್ದರು.

"ಫೋಟೊ ತೆಗೆದು, ಸಹಿ ಹಾಕಿಸ್ಕೊಂಡು ಅವರಿಗೇ ಕೊಡಿ. ಕೋರ್ಟಿಗೆ ನಾನು ಉತ್ತರ ಹೇಳ್ತೀನಿ."

ಕನ್ನಡಕ ಹಾಕಿಕೊಂಡು ಅವಳು ಮೊದಲು ಗೋಡೆಯ ಕ್ಯಾಲೆಂಡರ್ ನೋಡಿದಳು.

"ಇವತ್ತು ಮಂಗಳವಾರ ತಾನೆ?"

"ಹೌದಮ್ಮ. ಕ್ಲಿನಿಕ್ಕಿಗೆ ಜೊತೆಗೆ ಯಾರನ್ನಾದ್ರೂ ಕಳಿಸ್ಲಾ?"

ಅವಳು ಬೆರಳು ಮಡಚಿ ಗುರುವಾರದವರೆಗೆ ಎಣಿಸಿದಳು.

"ಬೇಡ ಮೇಡಂ. ಈಗ ದಾರಿ ಕಾಣ್ಸತ್ತೆ."