ಫಳಫಳ ಹೊಳೆಯುವ ಗುಡಾಣ

ಏಳನೇ ಕಡಲಿನ ಅಂಚಿನಲ್ಲಿ, ಅಜ್ಜನ ಅಜ್ಜನಿಗೂ ನೆನಪಿಲ್ಲದ ಕಾಲದಲ್ಲಿ, ಶಂಖಪುರ ಎಂಬ ರಾಜ್ಯವಿತ್ತು. ಅಲ್ಲೊಂದು ಕಟ್ಟುನಿಟ್ಟಿನ ಕಾಯಿದೆ: ಹಡಗಿನ ಕೊಳೆ ಕಡಲಿಗೆ ಬೀಳಕೂಡದು. ಎಣ್ಣೆಯ ಜಿಡ್ಡು, ಒಲೆಯ ಬೂದಿ, ಕೊಳೆತ ಕಾಳು ಎಲ್ಲವನ್ನೂ ಗುಡಾಣವೆಂಬ ದೊಡ್ಡ ಪಾತ್ರೆಯಲ್ಲಿ ತುಂಬಿ ತಂದು ಬಂದರಿನ ಸುಣ್ಣದ ಗುಂಡಿಗೆ ಹಾಕಿಸಬೇಕು. ಗುಡಾಣ ಬರಿದು ಮಾಡುವ ಕೆಲಸ ಚಂದು ಎಂಬ ಹೆಂಗಸಿನದು. ಎಷ್ಟು ಸೀಗೆಪುಡಿ ತಿಕ್ಕಿದರೂ ಅವಳ ಕೈಯ ನಾತ ಹೋಗುತ್ತಿರಲಿಲ್ಲ.

ಧೂಮಕೇಶ ಎಂಬ ಮಂತ್ರವಾದಿಯ ಹಡಗು ಮಾತ್ರ ಬೇರೆ. ಅವನ ಗುಡಾಣ ಪ್ರತಿ ಸಲವೂ ಫಳಫಳ ಹೊಳೆಯುತ್ತಿತ್ತು. ಊರವರು ಅದಕ್ಕೆ ಹೂಮಾಲೆ ಹಾಕಿದರು. ಚಂದು ಕೂಡ, "ಒಡೆಯಾ, ನಿಮ್ಮಷ್ಟು ಚೊಕ್ಕ ಜನ ಇನ್ನೊಬ್ಬರಿಲ್ಲ" ಎಂದು ಕೈಮುಗಿದಳು. ಕೆಲಸ ಕಡಿಮೆಯಾದರೆ ಯಾರಿಗೆ ಬೇಡ, ಹೇಳಿ!

ಒಂದು ಮುಂಜಾನೆ ಅವಳ ಮಗಳು ಮುದ್ದಿ ಚಿಪ್ಪುಮೀನಿನ ಸಾರು ಉಂಡಳು. ಉಂಡವಳು ಏಳಲಾರದೆ ಹೋದಳು.

"ಅಮ್ಮಾ, ಕಾಲೇ ಬರ್ತಾ ಇಲ್ಲ!"

ಪಾದಗಳು ಕಲ್ಲಾಗಿದ್ದವು. ಅಷ್ಟರಲ್ಲಿ ಮುದಿ ಆಮೆಯೊಂದು ದಡಕ್ಕೆ ಬಂದು ನುಡಿಯಿತು: "ಯಾವುದೋ ಹಡಗು ನಮ್ಮ ಕಡಲಿಗೆ ವಿಷ ಸುರಿದಿದೆ. ಇನ್ನು ಮೂರು ಉಬ್ಬರದೊಳಗೆ ಅದನ್ನು ಹಿಡಿಯದಿದ್ದರೆ ಮಗುವಿನ ಎದೆಯೂ ಕಲ್ಲಾಗುತ್ತದೆ."

ಚಂದು ಎದೆ ಬಡಿದುಕೊಂಡು ರಾಜನ ಬಳಿಗೆ ಓಡಿದಳು. ರಾಜ ನ್ಯಾಯದ ಶಂಖ ತೆಗೆದ. "ತಪ್ಪಿತಸ್ಥನನ್ನು ತೋರಿಸಿ ಊದಿದರೆ ಕಡಲೇ ಶಿಕ್ಷೆ ಕೊಡುತ್ತದೆ, ತಾಯಿ. ಆದರೆ ಉಬ್ಬರಕ್ಕೆ ಒಂದೇ ಸಲ ಊದಬಹುದು."

ಮೊದಲ ಉಬ್ಬರ ಬಂತು. ಚಂದು ಎಲ್ಲಕ್ಕಿಂತ ಹೆಚ್ಚು ನಾರುವ ಎಣ್ಣೆಯ ಹಡಗನ್ನು ತೋರಿಸಿದಳು. ರಾಜ ಊದಿದ. ಕಡಲು ಸುಮ್ಮನಿತ್ತು. ಕಲ್ಲು ಮುದ್ದಿಯ ಮೊಣಕಾಲಿಗೇರಿತು.

ಎರಡನೇ ಉಬ್ಬರ ಬಂತು. ಚಂದು ಕರಿನೀರು ತೊಟ್ಟಿಕ್ಕುವ ಬಣ್ಣಗಾರರ ಹಡಗನ್ನು ತೋರಿಸಿದಳು. ಆಗಲೂ ಕಡಲು ಸುಮ್ಮನಿತ್ತು. ಕಲ್ಲು ಸೊಂಟಕ್ಕೇರಿತು.

ಮೂರನೇ ಉಬ್ಬರಕ್ಕೆ ನೀರು ಏರತೊಡಗಿತು. ಚಂದುವಿಗೆ ದಿಕ್ಕೇ ತೋಚಲಿಲ್ಲ. ಮಗಳ ಕೆನ್ನೆ ಸವರಲು ಹೋದವಳು ತನ್ನ ಕೈಯ ನಾತಕ್ಕೆ ತಾನೇ ನಾಚಿ ಹಿಂತೆಗೆದಳು. ಆಗ ಅವಳಿಗೆ ಹೊಳೆಯಿತು. ಎಣ್ಣೆಯವರ ನಾತ ಈ ಕೈಯಲ್ಲಿದೆ, ಬಣ್ಣದವರದೂ ಇದೆ. ಹಾಗಾದರೆ ಯಾರದು ಇಲ್ಲ?

ಅವಳು ಬಂದರಿಗೆ ಓಡಿ, ಹೂಮಾಲೆ ಕಿತ್ತೆಸೆದು, ಹೊಳೆಯುವ ಗುಡಾಣವನ್ನು ರಾಜನ ಮುಂದೆ ಬೋರಲು ಹಾಕಿದಳು. ಒಂದು ಹನಿಯೂ ಬೀಳಲಿಲ್ಲ.

ಧೂಮಕೇಶ ನಕ್ಕ. "ಚೊಕ್ಕವಾಗಿರುವುದೂ ತಪ್ಪೇನು?"

"ನಲವತ್ತು ಜನ ಮೂರು ತಿಂಗಳು ಉಂಡು ಬಂದ ಹಡಗು ನಿನ್ನದು. ಒಲೆಯ ಬೂದಿಯಾದರೂ ಬೇಡವಾ? ಎಲ್ಲಿ ಹೋಯಿತು ಹೇಳು! ನಿನಗೆ ಕೈಮುಗಿದೆನಲ್ಲ, ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ!"

ರಾಜ ಶಂಖ ಊದಿದ. ಕಡಲು ಗುಡುಗಿತು. ಧೂಮಕೇಶ ಸುರಿದ ವಿಷವೆಲ್ಲ ಎಂಟು ದಿಕ್ಕುಗಳಿಂದ ಹರಿದು ಬಂದು ಅವನ ಹಡಗಿಗೇ ತುಂಬಿತು. ಒಂದೇ ಅಲೆ ಅದನ್ನು ಎತ್ತಿ, ಮಂತ್ರವಾದಿಯ ಸಮೇತ ಸುಣ್ಣದ ಗುಂಡಿಗೆ ಎಸೆಯಿತು.

ಚಂದು ಮನೆಗೆ ಬರುವಾಗ ಬಾಗಿಲಲ್ಲಿ ಕಲ್ಲಿನ ಚೂರುಗಳು ಬಿದ್ದಿದ್ದವು. ಮುದ್ದಿ ಓಡಿಬಂದು ಅವಳನ್ನು ತಬ್ಬಿಕೊಂಡು ಮೂಗು ಮುಚ್ಚಿಕೊಂಡಳು.

"ಅಯ್ಯೋ ಅಮ್ಮಾ, ನಿನ್ನ ಕೈ ಎಷ್ಟು ನಾರುತ್ತೆ!"

ಚಂದು ಅಳುತ್ತಾ ನಗುತ್ತಾ ಅದೇ ಕೈಯಿಂದ ಅವಳ ಕೆನ್ನೆ ಸವರಿದಳು. ಅಂದಿನಿಂದ ಶಂಖಪುರದಲ್ಲಿ ಕೊಳೆ ತುಂಬಿದ ಗುಡಾಣಕ್ಕೇ ಹೂಮಾಲೆ. ಮೀನು, ಆಮೆ, ಮನುಷ್ಯರು ಎಲ್ಲರೂ ಸುಖವಾಗಿದ್ದರು, ಮೂಗು ಮುಚ್ಚಿಕೊಂಡಾದರೂ ಸರಿ.